ಅರಾದ್‌ನಿಂದ ಬುಖಾರೆಸ್ಟ್‌ಗೆ, ವಯಾ ಸಿಬಿಯು

ಎಂಜಿನಿಯರಿಂಗ್ ಓದುತ್ತಿರುವ ಕಂಪ್ಯೂಟರ್ ಸೈನ್ಸ್ ಹುಡುಗನೊಬ್ಬನನ್ನು ಪರೀಕ್ಷೆಯ ಹಿಂದಿನ ರಾತ್ರಿ ಎಬ್ಬಿಸಿ, ಅರಾದ್‌ನಿಂದ ಸಿಬಿಯುಗೆ ಎಷ್ಟು ದೂರ ಎಂದು ಕೇಳಿ ನೋಡಿ. ಕಣ್ಣು ಬಿಡುವ ಮುಂಚೆಯೇ 140 ಎನ್ನುತ್ತಾನೆ. ಸಿಬಿಯುನಿಂದ ಫಗರಾಸ್‌ಗೆ 99, ಅಲ್ಲಿಂದ ಬುಖಾರೆಸ್ಟ್‌ಗೆ 211 ಎಂಬುದನ್ನು ಕೇಳದೆಯೇ ಸೇರಿಸುತ್ತಾನೆ. ಶಿರಸಿಯಿಂದ ಸಾಗರಕ್ಕೆ ಎಷ್ಟಪ್ಪಾ ಎಂದರೆ ಮಾತ್ರ ದಿಂಬಿನಡಿ ಫೋನಿಗೆ ತಡಕಾಡುತ್ತಾನೆ.

ಇವೆಲ್ಲ ರುಮೇನಿಯಾ ದೇಶದ ಊರುಗಳು. ಆ ದೇಶಕ್ಕೂ ನಮಗೂ ಬೀಗತನವಿಲ್ಲ, ಬಸ್ಸಿನ ಸಂಪರ್ಕವೂ ಇಲ್ಲ. ಇರುವುದು ಒಂದೇ ನಂಟು: ಸ್ಟೂವರ್ಟ್ ರಸಲ್ ಮತ್ತು ಪೀಟರ್ ನಾರ್ವಿಗ್ 1995ರಲ್ಲಿ ಬರೆದ ಕೃತಕ ಬುದ್ಧಿಮತ್ತೆಯ ಪಠ್ಯಪುಸ್ತಕ. ಜಗತ್ತಿನ 1500ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದನ್ನು ಬಳಸಿವೆ. ನಾಲ್ಕು ಆವೃತ್ತಿ ಬಂದಿವೆ. ತೂಕವೂ ಅದಕ್ಕೆ ತಕ್ಕಂತೆಯೇ ಏರಿದೆ. ಅದರಲ್ಲೊಬ್ಬ ಪ್ರವಾಸಿ ಅರಾದ್‌ನಲ್ಲಿ ನಿಂತಿದ್ದಾನೆ. ಮರುದಿನ ಬುಖಾರೆಸ್ಟ್‌ನಿಂದ ಅವನ ವಿಮಾನ. ಟಿಕೆಟಿನ ದುಡ್ಡು ವಾಪಸಾಗುವಂಥದ್ದಲ್ಲ. ದಾರಿ ಹುಡುಕಿಕೊಡಿ. ಮೂವತ್ತು ವರ್ಷದಿಂದ ಪ್ರತಿ ಸೆಮಿಸ್ಟರಿನಲ್ಲೂ ಸಾವಿರಾರು ಮಕ್ಕಳು ಹುಡುಕಿಕೊಡುತ್ತಲೇ ಇದ್ದಾರೆ, ಪಾಪ, ಅವನಿನ್ನೂ ಹೊರಟಿಲ್ಲ.

ಈ ಪ್ರವಾಸಿಯ ಜವಾಬ್ದಾರಿ ಹೊತ್ತವರು ನಮ್ಮ ಕಡೆಯ ಒಂದು ಕಾಲೇಜಿನ ಮೇಡಂ. ಹೊತ್ತರು ಎನ್ನುವುದಕ್ಕಿಂತ ಹೊರಿಸಿದರು ಎನ್ನುವುದೇ ಸರಿ. ಸೆಮಿಸ್ಟರ್ ಶುರುವಾಗುವ ಮುಂಚೆ ಸಬ್ಜೆಕ್ಟ್ ಅಲಾಟ್‌ಮೆಂಟ್ ಎಂಬ ಸಭೆ ನಡೆಯುತ್ತದಲ್ಲ, ಅಲ್ಲಿ ಹಿರಿಯರು ತಮ್ಮ ಸಿ ಪ್ರೋಗ್ರಾಮಿಂಗನ್ನೂ ಡೇಟಾಬೇಸನ್ನೂ ಪಿತ್ರಾರ್ಜಿತ ಜಮೀನಿನ ಪಹಣಿಯ ಹಾಗೆ ಹಿಡಿದು ಕೂತಿರುತ್ತಾರೆ. ನೋಟ್ಸು ಹಳದಿಯಾಗಿದ್ದರೂ ಹಕ್ಕು ಹಸಿರಾಗಿಯೇ ಇರುತ್ತದೆ. ಉಳಿದದ್ದು ಎಐ. ಎಚ್‌ಒಡಿ ಸುತ್ತ ನೋಡಿ, “ನೀವು ಯಂಗ್ ಇದೀರ ಮೇಡಂ, ನೀವೇ ತಗೊಳ್ಳಿ” ಅಂದರು. ಮೇಡಂ ಪಿಎಚ್‌ಡಿ ಮಾಡಿದ್ದು ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್‌ನಲ್ಲಿ. ಒಂದು ಕಾಲದಲ್ಲಿ ಎಲ್ಲರೂ ಅದರಲ್ಲೇ ಮಾಡುತ್ತಿದ್ದರು. ಅದನ್ನು ಹೇಳಿದರೆ, “ಅದೂ ಒಂಥರಾ ಇಂಟೆಲಿಜೆನ್ಸೇ ಅಲ್ವಾ?” ಎಂಬ ಸಮಾಧಾನ ಸಿಕ್ಕಿತು. ಟೀ ಬಂತು, ಸಭೆ ಮುಗಿಯಿತು.

ಮೊದಲ ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚೂ ತುಂಬಿತ್ತು. ಕಂಪೈಲರ್ ಕ್ಲಾಸಿಗೆ ಮುಖ ತೋರಿಸದವರೆಲ್ಲ ಬಂದು ಕೂತಿದ್ದರು. 2022ರ ನವೆಂಬರ್ ಕೊನೆಯ ದಿನ ಚಾಟ್‌ಜಿಪಿಟಿ ಹೊರಬಂದ ಮೇಲೆ ಈ ವಿಷಯಕ್ಕೆ ಸಿನಿಮಾದ ಮೊದಲ ದಿನದ ಗತ್ತು ಬಂದುಬಿಟ್ಟಿದೆ. ಇವತ್ತೋ ನಾಳೆಯೋ ಮಾತಾಡುವ ಯಂತ್ರವೊಂದನ್ನು ಕಟ್ಟಿಸುತ್ತಾರೆ ಎಂಬ ನಿರೀಕ್ಷೆಯಲ್ಲಿದ್ದ ಆ ಕಣ್ಣುಗಳ ಮುಂದೆ ಮೇಡಂ ಬೋರ್ಡಿನ ಮೇಲೆ ಎರಡು ಚೌಕ ಬರೆದರು. ಒಂದಕ್ಕೆ ಎ, ಇನ್ನೊಂದಕ್ಕೆ ಬಿ. “ಇದೊಂದು ಮನೆ. ಇದರೊಳಗೊಂದು ಕಸ ಹೀರೋ ಮೆಷಿನ್ ಇದೆ. ಅದಕ್ಕೆ ಗೊತ್ತಿರೋದು ಮೂರೇ: ಎಡಕ್ಕೆ ಹೋಗು, ಬಲಕ್ಕೆ ಹೋಗು, ಹೀರು.” ಇದೂ ಅದೇ ಪುಸ್ತಕದ್ದು. ಯಂತ್ರ ಎಲ್ಲಿದೆ, ಯಾವ ಚೌಕದಲ್ಲಿ ಕಸವಿದೆ ಎಂದು ಲೆಕ್ಕ ಹಾಕಿದರೆ ಈ ಪ್ರಪಂಚದಲ್ಲಿ ಒಟ್ಟು ಎಂಟೇ ಸ್ಥಿತಿಗಳು. ಎಂಟನ್ನೂ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚು ಅರ್ಧ ಖಾಲಿ.

ಉಳಿದವರಲ್ಲೊಬ್ಬಳು ಕೇಳಿದಳು: “ಮ್ಯಾಮ್, ಚಾಟ್‌ಜಿಪಿಟಿ ಯಾವ ಮಾಡ್ಯೂಲ್‌ನಲ್ಲಿ ಬರುತ್ತೆ?”

ಬರುವುದಿಲ್ಲ. ಸಿಲಬಸ್ಸು ಅಲ್ಲಿಯವರೆಗೆ ಹೋಗುವುದಿಲ್ಲ. ಹಾಗೆಂದು ಸಿಲಬಸ್ ಸಮಿತಿಯನ್ನು ಬೈಯಬೇಕಿಲ್ಲ. ಆ ದೊಡ್ಡ ಯಂತ್ರದೊಳಗೆ ಇರುವುದು ಕೋಟಿಗಟ್ಟಲೆ ಅಂಕಿಗಳು. ಯಾವ ಅಂಕಿ ಯಾಕೆ ಹಾಗಿದೆ ಎಂದು ಅದನ್ನು ಕಟ್ಟಿದವರೂ ಬೋರ್ಡಿನ ಮೇಲೆ ಬರೆದು ತೋರಿಸಲಾರರು. ಎರಡು ಚೌಕದ ಮನೆಯಾದರೆ ಸೀಮೆಸುಣ್ಣ ಸಾಕು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಹುದು. ಈ ಕೋರ್ಸಿನ ಎಲ್ಲ ಸವಕಲು ಉದಾಹರಣೆಗಳ ಪರವಾಗಿಯೂ ಇದೊಂದು ಮಾತು ಹೇಳಬಹುದು: ಕೈಯಲ್ಲಿ ಲೆಕ್ಕ ಮಾಡಲಾಗದ್ದು ಅವುಗಳಲ್ಲಿ ಏನೂ ಇಲ್ಲ.

ನೀರಿನ ಕೊಡಗಳದ್ದೇ ನೋಡಿ. ಎಲೇನ್ ರಿಚ್ ಮತ್ತು ಕೆವಿನ್ ನೈಟ್ ಅವರ ಪುಸ್ತಕ ನಮ್ಮ ಕಾಲೇಜುಗಳಿಗೆ ಈ ಸಮಸ್ಯೆಯನ್ನು ಬಳುವಳಿ ಕೊಟ್ಟಿದೆ. ನಾಲ್ಕು ಗ್ಯಾಲನ್ನಿನದು ಒಂದು, ಮೂರು ಗ್ಯಾಲನ್ನಿನದು ಒಂದು. ಯಾವುದಕ್ಕೂ ಅಳತೆಯ ಗುರುತಿಲ್ಲ. ದೊಡ್ಡದರಲ್ಲಿ ಸರಿಯಾಗಿ ಎರಡು ಗ್ಯಾಲನ್ ನೀರು ಬರಬೇಕು. ಚಿಕ್ಕದನ್ನು ತುಂಬಿಸಿ ದೊಡ್ಡದಕ್ಕೆ ಸುರಿ, ಮತ್ತೆ ಚಿಕ್ಕದನ್ನು ತುಂಬಿಸಿ ದೊಡ್ಡದಕ್ಕೆ ಕಂಠಪೂರ್ತಿ ಸುರಿ; ಚಿಕ್ಕದರಲ್ಲಿ ಎರಡು ಗ್ಯಾಲನ್ ಉಳಿಯುತ್ತದೆ. ಈಗ ದೊಡ್ಡದರಲ್ಲಿರುವ ನಾಲ್ಕು ಗ್ಯಾಲನ್ನನ್ನೂ ನೆಲಕ್ಕೆ ಚೆಲ್ಲಿ, ಚಿಕ್ಕದರ ನೀರನ್ನು ಅದಕ್ಕೆ ಬಗ್ಗಿಸು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದ ದಿನಗಳಲ್ಲೇ ಈ ಪಾಠ ಬಂತು. ‘ನೆಲಕ್ಕೆ ಚೆಲ್ಲು’ ಎಂಬ ನಿಯಮ ಬರೆಯುತ್ತಿದ್ದ ಹಾಗೆ ಪಿಜಿಯಲ್ಲಿದ್ದು ಓದುವ ಹುಡುಗ ನೊಂದುಕೊಂಡು ಎದ್ದುನಿಂತ. “ಮ್ಯಾಮ್, ಒಂದು ಟ್ಯಾಂಕರ್‌ಗೆ ಎಷ್ಟು ಕೊಡ್ತಿದೀವಿ ಗೊತ್ತಾ?”

ಮೇಡಂ ಆ ಕೋಪವನ್ನು ವ್ಯರ್ಥ ಮಾಡಲಿಲ್ಲ. ಹಾಗಾದರೆ ಚೆಲ್ಲುವುದಕ್ಕೊಂದು ಬೆಲೆ ಕಟ್ಟೋಣ, ಮೆಟ್ಟಿಲು ಎಷ್ಟಾದರೂ ಸರಿ, ನೀರು ಕಡಿಮೆ ಪೋಲಾಗುವ ದಾರಿ ಇದೆಯೇ ನೋಡೋಣ ಎಂದರು. ಒಂದು ಗಂಟೆ ಇಡೀ ಕ್ಲಾಸು ಕೊಡ ಎತ್ತಿ ಇಳಿಸಿತು. ‘ಖರ್ಚು’ ಎಂಬ ಪರಿಕಲ್ಪನೆಯನ್ನು ಆ ಬ್ಯಾಚಿಗೆ ಎರಡನೇ ಸಲ ಹೇಳಿಕೊಡಬೇಕಾಗಲಿಲ್ಲ.

ಆಕ್ಷೇಪ ಎತ್ತುವ ವಿದ್ಯಾರ್ಥಿಗಳಿಗೆ ಈ ಶಾಸ್ತ್ರದಲ್ಲಿ ದೊಡ್ಡ ಪರಂಪರೆಯೇ ಇದೆ. ಮೂವರು ಪಾದ್ರಿಗಳು, ಮೂವರು ನರಭಕ್ಷಕರು, ಇಬ್ಬರೇ ಹಿಡಿಯುವ ದೋಣಿ. ಪಾದ್ರಿಗಳಿರುವ ಯಾವ ದಡದಲ್ಲೂ ಅವರ ಸಂಖ್ಯೆ ನರಭಕ್ಷಕರಿಗಿಂತ ಕಡಿಮೆಯಾಗಬಾರದು. ಹನ್ನೊಂದು ಸಲ ದಾಟಿದರೆ ಕೆಲಸ ಮುಗಿಯುತ್ತದೆ. ನಮ್ಮ ಹುಲಿ, ಆಡು, ಹುಲ್ಲಿನ ಕಂತೆಯ ಒಗಟಿನ ದಾಯಾದಿ ಇದು. ಕ್ಲಾಸಿನಲ್ಲಿ ಯಾರಾದರೊಬ್ಬರು “ಸ್ವಲ್ಪ ಮೇಲೆ ಸೇತುವೆ ಇಲ್ವಾ?” ಎಂದು ಕೇಳಿಯೇ ಕೇಳುತ್ತಾರೆ. ಕಿಸಕ್ಕೆಂದು ನಗುವ ಮುಂಚೆ ಜಾನ್ ಮೆಕಾರ್ಥಿಯನ್ನು ನೆನೆಯಬೇಕು. ‘ಕೃತಕ ಬುದ್ಧಿಮತ್ತೆ’ ಎಂದು ಈ ವಿದ್ಯೆಗೆ ನಾಮಕರಣ ಮಾಡಿದವರೇ ಅವರು. 1980ರ ಒಂದು ಪ್ರಬಂಧದಲ್ಲಿ ಇದೇ ತಲೆಹರಟೆಯನ್ನು ಅವರು ಗಂಭೀರವಾಗಿ ಎತ್ತಿಕೊಂಡರು. ಸೇತುವೆಯಿಲ್ಲ ಎಂದು ಒಗಟಿನಲ್ಲಿ ಹೇಳಿಲ್ಲ. ಹೆಲಿಕಾಪ್ಟರ್ ಇಲ್ಲ ಎಂದೂ ಹೇಳಿಲ್ಲ. ದೋಣಿ ಸೋರುವುದಿಲ್ಲ ಎಂಬ ಖಾತರಿಯನ್ನೂ ಯಾರೂ ಕೊಟ್ಟಿಲ್ಲ. ಆದರೂ ನಾವು ಇಲ್ಲ ಎಂದುಕೊಂಡೇ ಯೋಚಿಸುತ್ತೇವೆ. ಯಂತ್ರಕ್ಕೆ ಈ ‘ಅಂದುಕೊಳ್ಳುವುದನ್ನು’ ಹೇಳಿಕೊಡುವುದು ಹೇಗೆ? ಹಿಂದಿನ ಬೆಂಚಿನಿಂದ ತೇಲಿಬಂದ ಪ್ರಶ್ನೆಯ ಮೇಲೆ ತರ್ಕಶಾಸ್ತ್ರದ ಒಂದು ಶಾಖೆಯೇ ನಿಂತಿದೆ.

ಈಗ ರುಮೇನಿಯಾದ ಪ್ರವಾಸಿಗೆ ದಾರಿ ತೋರಿಸುವ ‘ಎ ಸ್ಟಾರ್’ ವಿಧಾನಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಫಾಯೆಲ್ ಎಂಬ ಮೂವರು 1968ರಲ್ಲಿ ಪ್ರಕಟಿಸಿದ್ದು. ಶೇಕಿ ಎಂಬ ರೋಬೋ ಕೋಣೆಯಿಂದ ಕೋಣೆಗೆ ಓಡಾಡಬೇಕಿತ್ತು, ಅದಕ್ಕೆ ದಾರಿ ಹುಡುಕುವ ಯೋಜನೆಯಲ್ಲಿ ಹುಟ್ಟಿಕೊಂಡಿತು. ಚಲಿಸುವಾಗ ಗಡಗಡ ನಡುಗುತ್ತಿದ್ದುದರಿಂದ ಆ ರೋಬೋಗೆ ಆ ಹೆಸರು.

ವಿಧಾನ ಇಷ್ಟೇ. ಪ್ರತಿ ಊರಿಗೂ ಎರಡು ಅಂಕಿ ಕೂಡಿಸಬೇಕು: ಇಲ್ಲಿಯವರೆಗೆ ಸವೆಸಿದ ರಸ್ತೆ, ಇಲ್ಲಿಂದ ಬುಖಾರೆಸ್ಟ್‌ಗೆ ನಕ್ಷೆಯ ಮೇಲೆ ಸ್ಕೇಲಿಟ್ಟು ಎಳೆದ ನೇರ ಗೆರೆಯ ದೂರ. ಮೊತ್ತ ಯಾವುದು ಕಡಿಮೆಯೋ ಆ ಊರನ್ನು ಮೊದಲು ನೋಡು. ಸಿಬಿಯು: 140 ಮತ್ತು 253, ಒಟ್ಟು 393. ಅಲ್ಲಿಂದ ಮುಂದೆ ರಿಮ್ನಿಕು ವಿಲ್ಸಿಯಾ 413, ಫಗರಾಸ್ 415. ರಿಮ್ನಿಕು ದಾಟಿದರೆ ಪಿಟೆಸ್ಟಿ 417. ಈಗ ಕಡಿಮೆ ಇರುವುದು ಫಗರಾಸ್. ಅದನ್ನು ತೆರೆದರೆ ಬುಖಾರೆಸ್ಟೇ ಕೈಗೆ ಸಿಗುತ್ತದೆ, 450ಕ್ಕೆ. ವಿದ್ಯಾರ್ಥಿಗಳು ಇಲ್ಲಿ ಪೆನ್ನು ಮುಚ್ಚುತ್ತಾರೆ. ವಿಧಾನ ಮುಚ್ಚುವುದಿಲ್ಲ. 417ರ ಪಿಟೆಸ್ಟಿ ಇನ್ನೂ ಬಾಕಿ ಇದೆಯಲ್ಲ, ಅದನ್ನೂ ಒಮ್ಮೆ ವಿಚಾರಿಸಿಕೊಂಡು ಬರುತ್ತದೆ. ಆ ದಾರಿಯಲ್ಲಿ ಬುಖಾರೆಸ್ಟ್ 418. ಮೂವತ್ತೆರಡರಷ್ಟು ದೂರ ಉಳಿಯಿತು. ತಲುಪಿದ ಮೇಲೂ ತಲುಪಿದೆ ಎಂದು ಒಪ್ಪಿಕೊಳ್ಳದ ಈ ಸಂಶಯ ಪಿಶಾಚಿಯೇ ಹತ್ತು ಅಂಕದ ಪ್ರಶ್ನೆಯ ಪ್ರಾಣ.

ಒಂದು ಷರತ್ತಿದೆ. ಮುಂದಿನ ದೂರದ ಅಂದಾಜು ಯಾವತ್ತೂ ನಿಜವಾದ ದೂರವನ್ನು ಮೀರಬಾರದು. ಕಡಿಮೆ ಹೇಳಿದರೆ ಅಡ್ಡಿಯಿಲ್ಲ. ಮೇಡಂ ಇದಕ್ಕೊಂದು ಉಪಾಯ ಹುಡುಕಿದ್ದರು. “ಹಳ್ಳಿ ಕಡೆ ದಾರಿ ಕೇಳಿದೀರಾ? ಎಷ್ಟು ದೂರ ಅಜ್ಜಾ ಅಂದ್ರೆ, ಇಲ್ಲೇ ಕಣವ್ವ, ಒಂದು ಬೀಡಿ ಸೇದೋಷ್ಟು ದೂರ ಅಂತಾರೆ. ನಡೆದ್ರೆ ನಾಲ್ಕು ಕಿಲೋಮೀಟರ್. ಆ ಅಜ್ಜನ ಅಂದಾಜನ್ನ ನಂಬಿ ಹುಡುಕಿದ್ರೆ ಸುತ್ತಾಟ ಜಾಸ್ತಿ ಆಗಬಹುದು, ಸರಿಯಾದ ದಾರಿ ಕೈತಪ್ಪಲ್ಲ. ಅಯ್ಯೋ ಬಲು ದೂರ, ಆ ಕಡೆ ಹೋಗಲೇಬೇಡಿ ಅನ್ನೋರು ಸಿಕ್ಕಿದ್ರೆ ಮಾತ್ರ ಕಷ್ಟ. ಒಳ್ಳೇ ದಾರೀನೇ ಬಿಟ್ಟುಬಿಡ್ತೀರಿ.” ಉತ್ತರಪತ್ರಿಕೆಯಲ್ಲಿ ಒಬ್ಬ ಈ ಷರತ್ತಿನ ಇಂಗ್ಲಿಷ್ ಹೆಸರು ಮರೆತು, ‘ಬೀಡಿ ಕಂಡೀಷನ್’ ಎಂದು ಬರೆದು, ಕೆಳಗೆ ಸಾಧನೆಯನ್ನು ತಪ್ಪಿಲ್ಲದೆ ಮಾಡಿದ್ದ. ಪೂರ್ತಿ ಅಂಕ ಹೋಯಿತು, ಅಂದರೆ ಅವನ ಖಾತೆಗೆ.

ಮರು ವರ್ಷದ ಇಂಟರ್ನಲ್ಸ್‌ಗೆ ಮೇಡಂ ಒಂದು ಕಿತಾಪತಿ ಮಾಡಿದರು. ಪಿಟೆಸ್ಟಿಯಿಂದ ಬುಖಾರೆಸ್ಟ್‌ಗೆ ಪುಸ್ತಕದಲ್ಲಿರುವ 101ನ್ನು ಸದ್ದಿಲ್ಲದೆ 140 ಮಾಡಿ ನಕ್ಷೆ ಅಚ್ಚು ಹಾಕಿಸಿದರು. ಈಗ ಆ ದಾರಿ 457. ಫಗರಾಸ್ ಕಡೆಯ 450 ಗೆಲ್ಲುತ್ತದೆ. ತಂಡ ತಂಡವಾಗಿ 418 ಎಂದು ಬರೆದು ಎರಡು ಗೆರೆ ಎಳೆದವರನ್ನು ನೋಡಿ ಅವರಿಗೆ ಆಶ್ಚರ್ಯವಾಗಲಿಲ್ಲ. ಅಚ್ಚರಿಯಾದದ್ದು ಅದೇ ಪ್ರಶ್ನೆಯನ್ನು ಅಸೈನ್‌ಮೆಂಟಿಗೆ ಕೊಟ್ಟಾಗ. ಫೋನಿನ ಎಐಯನ್ನು ಕೇಳಿ ಬರೆದವರದ್ದೂ 418! ಈ ನಕ್ಷೆಯನ್ನು ಅದೂ ಎಲ್ಲೆಲ್ಲೋ ಓದಿ ಬಾಯಿಪಾಠ ಮಾಡಿಕೊಂಡಿತ್ತು. ಪ್ರಶ್ನೆಪತ್ರಿಕೆಯನ್ನು ನೋಡುವ ತಾಳ್ಮೆ ಅದಕ್ಕೂ ಇರಲಿಲ್ಲ. ಮೇಡಂ ಇಬ್ಬರಿಗೂ ಸಮಾನ ಅಂಕ ಕೊಟ್ಟರು.

ಇತಿಹಾಸದ ಮಾಡ್ಯೂಲು ಸಾಮಾನ್ಯವಾಗಿ ಯಾರಿಗೂ ಬೇಡ. ನಿದ್ದೆಗೆ ಮೀಸಲು. ಆದರೆ ಫೈನಲ್ ಇಯರ್ ಪ್ರಾಜೆಕ್ಟಿನ ಸಿನಾಪ್ಸಿಸ್ ಬರೆಯುವವರಿಗೆ ಅಷ್ಟು ಧೈರ್ಯ ಕೊಡುವ ಪಾಠ ಇನ್ನೊಂದಿಲ್ಲ. ಮೆಕಾರ್ಥಿ ಮತ್ತು ಇನ್ನೂ ಮೂವರು 1955ರಲ್ಲಿ ಅರ್ಜಿ ಬರೆದರು: ಹತ್ತು ಜನ, ಎರಡು ತಿಂಗಳು, ಡಾರ್ಟ್‌ಮತ್ ಕಾಲೇಜಿನಲ್ಲಿ ಒಂದು ಬೇಸಿಗೆ ಕೂತರೆ ಯಂತ್ರಕ್ಕೆ ಭಾಷೆ, ಕಲಿಕೆ, ಯೋಚನೆಯ ವಿಷಯದಲ್ಲಿ ಗಣನೀಯ ಪ್ರಗತಿ ಸಾಧ್ಯ. ಕೇಳಿದ್ದು 13,500 ಡಾಲರ್. ರಾಕ್‌ಫೆಲ್ಲರ್ ಪ್ರತಿಷ್ಠಾನ ಕೊಟ್ಟದ್ದು 7,500. 1957ರಲ್ಲಿ ಹರ್ಬರ್ಟ್ ಸೈಮನ್ ಮತ್ತು ಅಲೆನ್ ನ್ಯೂವೆಲ್, ಇನ್ನು ಹತ್ತು ವರ್ಷದಲ್ಲಿ ಯಂತ್ರವೇ ಚೆಸ್ ವಿಶ್ವ ಚಾಂಪಿಯನ್ ಎಂದರು. ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು 1997ರಲ್ಲಿ. 1966ರ ಜುಲೈನಲ್ಲಿ ಎಂಐಟಿಯ ಸೀಮೋರ್ ಪೇಪರ್ಟ್, ಕ್ಯಾಮೆರಾ ಕಂಡದ್ದನ್ನು ಗುರುತಿಸುವ ವ್ಯವಸ್ಥೆಯ ಗಣನೀಯ ಭಾಗವನ್ನು ಬೇಸಿಗೆ ರಜೆಯ ವಿದ್ಯಾರ್ಥಿಗಳಿಂದ ಕಟ್ಟಿಸುವ ಯೋಜನೆ ಬರೆದರು. ಆ ಬೇಸಿಗೆ ಅರ್ಧ ಶತಮಾನ ಎಳೆಯಿತು. ‘ರೈತರ ಸಕಲ ಸಮಸ್ಯೆಗಳಿಗೂ ಎಐ ಆಧಾರಿತ ಪರಿಹಾರ, ಅವಧಿ ನಾಲ್ಕು ತಿಂಗಳು’ ಎಂಬ ಸಿನಾಪ್ಸಿಸ್ ಬಂದರೆ ಮೇಡಂ ಈಗ ಸಹಿ ಹಾಕಿಬಿಡುತ್ತಾರೆ.

ಅದೇ 1966ರ ಎಲೈಜಾ ಮಾತ್ರ ಕ್ಲಾಸನ್ನು ಎಬ್ಬಿಸಿತು. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ಪ್ರೋಗ್ರಾಂ ಅದು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಮನೋವೈದ್ಯನ ಹಾಗೆ ಕೇಳುತ್ತದೆ, ಒಳಗೆ ತಿಳಿವಳಿಕೆ ಸೊನ್ನೆ. ಅದನ್ನು ಬರೆಯುವುದನ್ನು ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ ಒಂದು ದಿನ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತು ನೀವು ಹೊರಗಿರಿ ಎಂದರಂತೆ. ಇದನ್ನು ಕೇಳಿದ ಹುಡುಗಿಯರ ತಂಡವೊಂದು ಕನ್ನಡದ ಎಲೈಜಾ ಮಾಡಿ ತಂದಿತು. ‘ನನಗೆ’ ಬಂದರೆ ‘ನಿಮಗೆ’, ‘ನಾನು’ ಬಂದರೆ ‘ನೀವು’. “ನನಗೆ ಊಟ ಸೇರುತ್ತಿಲ್ಲ” ಎಂದರೆ “ನಿಮಗೆ ಊಟ ಸೇರುತ್ತಿಲ್ಲ ಅಂತ ಯಾಕೆ ಅನ್ನಿಸುತ್ತೆ?” ಎಂದು ವಿನಯದಿಂದ ಕೇಳಿತು. ಲ್ಯಾಬ್ ಚಪ್ಪಾಳೆ ಹೊಡೆಯಿತು. ಅಟೆಂಡರ್ ಅಣ್ಣ ಮುಂದೆ ಬಂದು, ಒಂದೊಂದೇ ಅಕ್ಷರ ಹುಡುಕಿ, “ನಾನು ಊರಿಗೆ ಹೋಗ್ತೀನಿ” ಎಂದು ಹಾಕಿದರು. “ನೀವು ಊರಿಗೆ ಹೋಗ್ತೀನಿ ಅಂತ ಯಾಕೆ ಅನ್ನಿಸುತ್ತೆ?” ಅಣ್ಣ ಕುರ್ಚಿಯಿಂದೆದ್ದರು. “ರಜಾ ಕೊಡೋ ಥರ ಕಾಣಲ್ಲ ಇದು.”

ಈ ವಿಷಯ ಪಾಠ ಮಾಡುವವರ ಕೆಲಸವನ್ನೇ ಈ ವಿಷಯ ನುಂಗೀತು ಎಂದು ಸ್ಟಾಫ್‌ರೂಮಿನಲ್ಲಿ ಆಗಾಗ ಕಾಲೆಳೆಯುತ್ತಾರೆ. ಸುಳ್ಳೆನ್ನುವ ಹಾಗೂ ಇಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಇದೇ ನಾರ್ವಿಗ್ ತಮ್ಮ ಪ್ರಾರಂಭಿಕ ಎಐ ಕೋರ್ಸನ್ನು ಇಂಟರ್ನೆಟ್ಟಿಗೆ ಬಿಟ್ಟಿ ಬಿಟ್ಟರು. ಹೆಸರು ಬರೆಸಿದವರು ಸುಮಾರು 1,60,000. ಮುಗಿಸಿದವರು ಸುಮಾರು 23,000. ಕಾಗದದ ಮೇಲೆ ಪೆನ್ನಿನಲ್ಲಿ ಗೀಚುತ್ತ ತೆಗೆದ ಆ ವಿಡಿಯೋಗಳು ಎಷ್ಟು ಹಿಡಿಸಿದವೆಂದರೆ, ದುಡ್ಡು ಕೊಟ್ಟು ಸೇರಿದ್ದ ವಿದ್ಯಾರ್ಥಿಗಳೇ ಕ್ಲಾಸಿಗೆ ಬರುವುದನ್ನು ಬಿಟ್ಟು ಹಾಸ್ಟೆಲ್ಲಿನಲ್ಲಿ ನೋಡತೊಡಗಿದರು. ಅಟೆಂಡೆನ್ಸ್ ಕಡ್ಡಾಯವಿರುವ ನಮ್ಮಲ್ಲಿ ಅಂಥ ಅನಾಹುತ ಆಗುವುದಿಲ್ಲ. ಬರುತ್ತಾರೆ, ಬಂದು ಹಿಂದಿನ ಬೆಂಚಿನಲ್ಲಿ ಕೂತು ಅದೇ ವಿಡಿಯೋ ನೋಡುತ್ತಾರೆ.

ಇನ್ನೊಂದು ಜಾರ್ಜಿಯಾ ಟೆಕ್‌ನ ಕಥೆ. ಪ್ರೊಫೆಸರ್ ಅಶೋಕ್ ಗೋಯಲ್ ಅವರ ಆನ್‌ಲೈನ್ ಎಐ ಕೋರ್ಸಿನಲ್ಲಿ ಸುಮಾರು 300 ಜನ ಸೆಮಿಸ್ಟರೊಂದಕ್ಕೆ 10,000ದಷ್ಟು ಸಂದೇಶ ಬರೆಯುತ್ತಿದ್ದರು. ಕೇಳಿದ್ದನ್ನೇ ಕೇಳುವುದರಲ್ಲಿ ವಿದ್ಯಾರ್ಥಿಗಳೆಲ್ಲ ಒಂದೇ ಕುಲ, ಅಮೆರಿಕವಾದರೂ ಅಷ್ಟೇ, ಅರಸೀಕೆರೆಯಾದರೂ ಅಷ್ಟೇ. 2016ರಲ್ಲಿ ಅವರು ಐಬಿಎಂನ ವಾಟ್ಸನ್ ತಂತ್ರಜ್ಞಾನದ ಮೇಲೆ ಜಿಲ್ ವಾಟ್ಸನ್ ಎಂಬ ಬೋಧನಾ ಸಹಾಯಕಿಯನ್ನು ಕಟ್ಟಿ, ಮನುಷ್ಯ ಸಹಾಯಕರ ನಡುವೆ ಕೂರಿಸಿದರು, ಯಾರಿಗೂ ಹೇಳದೆ. ಸೆಮಿಸ್ಟರ್ ಮುಗಿಯುವಾಗ ಗುಟ್ಟು ಬಿಟ್ಟುಕೊಟ್ಟರು. ಮುಂದಿನ ಸಲ ಎಲ್ಲರೂ ಹುಷಾರು. ಯಾರು ಯಂತ್ರ ಎಂದು ಪತ್ತೆ ಹಚ್ಚುವುದೇ ಆಟ. ಕೆಲವರು ಯಂತ್ರವನ್ನು ಹಿಡಿದರು. ಕೆಲವರು ಮಾಂಸ, ಮೂಳೆ ಇರುವ ಇಬ್ಬರು ಸಹಾಯಕರನ್ನೇ ಯಂತ್ರವೆಂದು ತೀರ್ಮಾನಿಸಿದರು.

ಕೊನೆಗೆ ಲ್ಯಾಬು. ವಿಟಿಯು ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಏಳನೇ ಸೆಮಿಸ್ಟರಿನ ಲ್ಯಾಬಿಗೆ ಒಂಬತ್ತು ಪ್ರೋಗ್ರಾಮುಗಳಿದ್ದವು. ಅವುಗಳ ಪಾತ್ರವರ್ಗ ವಿಚಿತ್ರವಾದದ್ದು. ಐಡಿ3 ಎಂಬ ವಿಧಾನಕ್ಕೆ ಬಳಸುವುದು ಹದಿನಾಲ್ಕು ದಿನದ ಹವಾಮಾನದ ಪಟ್ಟಿ: ಯಾರೋ ಪುಣ್ಯಾತ್ಮ ಯಾವ ದಿನ ಟೆನಿಸ್ ಆಡಿದ, ಯಾವ ದಿನ ಆಡಲಿಲ್ಲ. ಒಂಬತ್ತು ದಿನ ಆಡಿದ್ದಾನೆ, ಐದು ದಿನ ಇಲ್ಲ. ರಾಸ್ ಕ್ವಿನ್ಲನ್ 1986ರಲ್ಲಿ ಕೊಟ್ಟ ಹದಿನಾಲ್ಕು ಶನಿವಾರಗಳು ಟಾಮ್ ಮಿಚೆಲ್ ಅವರ 1997ರ ಪಠ್ಯದಲ್ಲಿ ಟೆನಿಸ್ ಕೋರ್ಟಿಗೆ ಬಂದವು. ಇದರಿಂದ ಹೊರಡುವ ನಿರ್ಣಯದ ಮರ ಹೇಳುತ್ತದೆ: ಮಳೆಯಿದ್ದು ಗಾಳಿ ಜೋರಾಗಿದ್ದರೆ ಆಡುವುದಿಲ್ಲ, ಮಳೆಯಿದ್ದು ಗಾಳಿ ಕಡಿಮೆಯಿದ್ದರೆ ಆಡುತ್ತಾನೆ. ಪುತ್ತೂರಿನ ಹುಡುಗಿ ಇದನ್ನು ಎರಡು ಸಲ ಓಡಿಸಿ ನೋಡಿದಳು. “ಮಳೆ ಬರುವಾಗ ಎಂತ ಟೆನಿಸ್ ಆಡುವುದು ಮ್ಯಾಮ್? ಅವನಿಗೆ ಮಂಡೆ ಸಮ ಉಂಟಾ?”

ಇನ್ನೊಂದು ಪ್ರೋಗ್ರಾಮಿಗೆ ಐರಿಸ್ ಹೂವು. ಎಡ್ಗರ್ ಆಂಡರ್ಸನ್ ಅಳೆದು ತಂದದ್ದು, ರೊನಾಲ್ಡ್ ಫಿಶರ್ 1936ರಲ್ಲಿ ಪ್ರಕಟಿಸಿದ್ದು. ಮೂರು ಜಾತಿ, ತಲಾ ಐವತ್ತರಂತೆ ನೂರೈವತ್ತು ಹೂವು. ಸೇವಂತಿಗೂ ಚೆಂಡುಹೂವಿಗೂ ವ್ಯತ್ಯಾಸ ಕೇಳಿದರೆ ಅಮ್ಮನಿಗೆ ಫೋನ್ ಹಚ್ಚುವ ಹುಡುಗರು, ಎಸಳು ಎರಡು ಸೆಂಟಿಮೀಟರಿಗಿಂತ ಗಿಡ್ಡವಿದ್ದರೆ ಅದು ಸೆಟೋಸಾ ಎಂದು ಧೈರ್ಯವಾಗಿ ಹೇಳುತ್ತಾರೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಎಕ್ಸ್‌ಟರ್ನಲ್ ಬಂದರು. ರೆಕಾರ್ಡು ತಿರುವಿದರು, ಬಾದಾಮಿ ಹಾಲು ಕುಡಿದರು, ವೈವಾಕ್ಕೆ ಕೂತರು. ಎದುರಿಗೆ ಐರಿಸ್ ಹೂವು ಬಿದ್ದ ಹುಡುಗ.

“ಕೆ ನಿಯರೆಸ್ಟ್ ನೇಬರ್. ಕೆ ಎಷ್ಟಿಟ್ಟಿದೀಯ?”

“ಐದು ಸರ್.”

“ಯಾಕೆ ಐದೇ?”

“ಲೈಬ್ರರೀಲಿ ಡಿಫಾಲ್ಟೇ ಐದು ಸರ್.”

ಎಕ್ಸ್‌ಟರ್ನಲ್ ಕನ್ನಡಕ ಸರಿಮಾಡಿಕೊಂಡರು. “ಹೋಗಲಿ, ಅಲ್ಗೊರಿದಂ ಏನು ಮಾಡುತ್ತೆ, ನಿನ್ನ ಮಾತಲ್ಲೇ ಹೇಳು.”

“ಅದಕ್ಕೆ ಸ್ವಂತವಾಗಿ ಏನೂ ಗೊತ್ತಿರಲ್ಲ ಸರ್. ಅಕ್ಕಪಕ್ಕ ಕೂತಿರೋ ಐದು ಜನ ಏನು ಬರೆದಿದಾರೆ ನೋಡುತ್ತೆ. ಜಾಸ್ತಿ ಜನ ಏನು ಬರೆದಿದಾರೋ ಅದನ್ನೇ ಬರೆಯುತ್ತೆ.”

“ನಾನು ಕೇಳಿದ್ದು ಅಲ್ಗೊರಿದಂ. ನೀನು ಪರೀಕ್ಷೆ ಹೇಗೆ ಬರೀತೀಯ ಅಂತಲ್ಲ.”

“ಎರಡೂ ಒಂದೇ ಸರ್.”

ಎಕ್ಸ್‌ಟರ್ನಲ್ ಮೇಡಂ ಕಡೆ ತಿರುಗಿದರು. ಮೇಡಂ ಅಂಕಪಟ್ಟಿಯಿಂದ ತಲೆ ಎತ್ತಲಿಲ್ಲ. “ಸರಿಯಾಗೇ ಹೇಳಿದಾನೆ ಸರ್. ಹತ್ತಕ್ಕೆ ಒಂಬತ್ತು ಹಾಕಲಾ?”